ಫಕೀರವ್ವನ ಖಾನಾವಳಿಯ ಮೊಸರು

ನಮ್ಮೂರಿನಲ್ಲಿ ರೊಟ್ಟಿಗೆ ಯಾರೂ ಒಲೆ ಹಚ್ಚುವುದಿಲ್ಲ. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಊರ ಹಿಂದಿನ ಕರಿಗುಡ್ಡ ಕಾವಿಗೆ ಕೂರುತ್ತದೆ, ಒಂದು ಗಂಟೆಗೆ ಏಳುತ್ತದೆ. ಆ ಅರ್ಧ ಗಂಟೆ ಊರಿನ ಕಬ್ಬಿಣವೆಲ್ಲ ಸಣ್ಣಗೆ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಹಂಚು ಕಾಯುತ್ತದೆ, ಬಾಗಿಲ ಚಿಲಕ ಕಾಯುತ್ತದೆ, ಸೊಂಟಕ್ಕೆ ಸಿಕ್ಕಿಸಿಕೊಂಡ ಬೀಗದ ಕೈ ಮರೆತರೆ ಅಲ್ಲೇ ಬೊಬ್ಬೆ ಏಳುತ್ತದೆ. ಹೊಸದಾಗಿ ವರ್ಗವಾಗಿ ಬಂದ ನೌಕರರನ್ನು ಗುರುತಿಸುವುದು ಸುಲಭ. ಮೊದಲ ವಾರ ಅವರು ಬೆಲ್ಟಿನ ಬಕಲು ಹಿಡಿದುಕೊಂಡು ನಡುರಸ್ತೆಯಲ್ಲಿ ಕುಣಿಯುತ್ತಾರೆ, ಎರಡನೇ ವಾರಕ್ಕೆ ಲಾಡಿ ಪೈಜಾಮಕ್ಕೆ ಬರುತ್ತಾರೆ. ಇಸ್ತ್ರಿಯವನು ಇದ್ದಿಲು ಕೊಂಡು ಎಷ್ಟೋ ವರ್ಷವಾಯಿತು. ಹಿಟ್ಟಿನ ಗಿರಣಿ ಆ ಹೊತ್ತಿಗೆ ಬಾಗಿಲು ಹಾಕುತ್ತದೆ, ಇಲ್ಲವಾದರೆ ಹಿಟ್ಟು ಹುರಿದುಕೊಂಡೇ ಹೊರಗೆ ಬರುತ್ತದೆ. ಬಸ್ಸು ಊರ ಹೊರಗಿನ ಹುಣಸೆಮರದ ಕೆಳಗೆ ನಿಂತು, ಗುಡ್ಡ ಎದ್ದ ಮೇಲೆಯೇ ಒಳಗೆ ಬರುತ್ತದೆ. ದಿನದ ರೊಟ್ಟಿಯೆಲ್ಲ ಆ ಅರ್ಧ ಗಂಟೆಯಲ್ಲೇ ಬೇಯಬೇಕು. ಹಾಗಾಗಿ ಆಗ ಊರಿನ ತುಂಬ ಕೇಳುವುದು ಎರಡೇ ಸದ್ದು: ಕಬ್ಬಿಣದ ಗುಂಯ್, ರೊಟ್ಟಿ ಬಡಿಯುವ ಪಟಪಟ.

ಆ ಪಟಪಟದಲ್ಲಿ ನನ್ನದೂ ಪಾಲಿತ್ತು. ನನ್ನ ಚಿಗವ್ವ, ಅಂದರೆ ನನ್ನ ಅವ್ವನ ತಂಗಿ ಫಕೀರವ್ವ, ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಾಳೆ. ಮೇಷ್ಟ್ರುಗಳು, ಬ್ಯಾಂಕಿನವರು, ಕಂಡಕ್ಟರುಗಳು ಸೇರಿ ಮೂವತ್ತು ಜನ ಕಾಯಂ ಗಿರಾಕಿಗಳು. ನಾವು ನಾಲ್ವರು ಹೆಂಗಸರು ಅರ್ಧ ಗಂಟೆಯಲ್ಲಿ ನೂರಾ ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದೆವು. ಅದರಲ್ಲಿ ನಲವತ್ತು ನನ್ನವು. ನಾನು ದಾಕ್ಷಾಯಣಿ, ಬಿ.ಎ. ಮುಗಿಸಿ ಹಾಸ್ಟೆಲಿನಿಂದ ವಾಪಸು ಬಂದವಳು. ಹಾಸ್ಟೆಲಿನ ಲೈಬ್ರರಿಯಲ್ಲಿ ಗೆದ್ದಲು ನನಗಿಂತ ಮೊದಲು ಓದಿ ಮುಗಿಸಿದ ಕಪಾಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿದ್ದೆ. ಅದರಿಂದ ನನ್ನ ರೊಟ್ಟಿ ಹೆಚ್ಚು ದುಂಡಗಾಗಲಿಲ್ಲ, ಕೆಡಲೂ ಇಲ್ಲ.

ನನಗೆ ಹುಟ್ಟಿನಿಂದ ಎಚ್‌ಐವಿ ಇತ್ತು. ಅಪ್ಪ ಅವ್ವ ಇಬ್ಬರೂ ಅದರಲ್ಲೇ ಹೋದರು. ಆರು ವರ್ಷದವಳಿದ್ದಾಗ ಚಿಗವ್ವ ನನ್ನನ್ನು ಕರೆತಂದಳು. ಅಂದಿನಿಂದ ದಿನಾ ರಾತ್ರಿ ಎಂಟಕ್ಕೆ ಸರಿಯಾಗಿ ಮಾತ್ರೆ. ಈ ವಿಷಯ ಹೇಳಿದ ಕೂಡಲೇ ಜನ ದನಿ ಇಳಿಸುತ್ತಾರೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ಸಾಯುತ್ತಿರಲಿಲ್ಲ. ಮಾತ್ರೆ ತನ್ನ ಕೆಲಸ ಚೆನ್ನಾಗಿ ಮಾಡುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ವೈರಸ್ಸು ಕಾಣದೆ ವರ್ಷಗಳಾಗಿದ್ದವು. ನನ್ನ ತಕರಾರು ಇದ್ದದ್ದು ಎಂಟು ಗಂಟೆಯ ಮೇಲೆ. ಹಾಸ್ಟೆಲಿನಲ್ಲಿ ಎಂಟಕ್ಕೆ ಊಟದ ಗಂಟೆ. ಎಲ್ಲರೂ ತಟ್ಟೆ ಹಿಡಿದು ಸಾಲು ನಿಂತಾಗ ನಾನು ಕುಂಕುಮದ ಡಬ್ಬಿಯಲ್ಲಿ ಮಾತ್ರೆ ಇಟ್ಟುಕೊಂಡು ಬಚ್ಚಲಿಗೆ ಹೋಗುತ್ತಿದ್ದೆ. ಕೆಲವರು ಇವಳಿಗೆ ದೇವರ ಹುಚ್ಚು ಅಂದರು, ಕೆಲವರು ಯಾವನಿಗೋ ಫೋನು ಮಾಡುತ್ತಾಳೆ ಅಂದರು. ಎರಡನೆಯದನ್ನು ನಾನು ಅಲ್ಲಗಳೆಯಲಿಲ್ಲ, ಮರ್ಯಾದೆ ಅದರಲ್ಲೇ ಹೆಚ್ಚಿತ್ತು. ವಾಪಸು ಬರುವಷ್ಟರಲ್ಲಿ ಸಾರಿನಲ್ಲಿ ಬೇಳೆ ಇರುತ್ತಿರಲಿಲ್ಲ. ಹದಿನೆಂಟು ವರ್ಷ ನಾನು ಎಂಟು ಗಂಟೆಯನ್ನು ಒಮ್ಮೆಯೂ ಮರೆತಿರಲಿಲ್ಲ. ನನಗೆ ಒಮ್ಮೆ ಅದನ್ನು ಮರೆಯಬೇಕಿತ್ತು.

ಗುಡ್ಡದ ಬುಡದಲ್ಲಿ ಎಸ್ತರ್ ಡಾಕ್ಟರಮ್ಮನ ಆಸ್ಪತ್ರೆ ಇದೆ. ಗುಡ್ಡವನ್ನು ನೋಡಿಕೊಂಡೇ ಅವರು ಈ ಊರಿಗೆ ಬಂದವರು. ಅಲ್ಲಿ ಹೊಸ ಸೂಜಿ ಕೊಡುತ್ತಾರೆಂದು ಕೇಳಿ ಹೋದೆ. "ತಿಗಣಿ ಗೊತ್ತೇನವಾ ನಿನಗ?" ಎಂದು ಕೇಳಿದರು. "ಮೂರು ವರ್ಷ ಹಾಸ್ಟೆಲಿನಾಗ ಇದ್ದೀನ್ರಿ" ಅಂದೆ. "ಹಂಗಾರ ಹೇಳೂದು ಹಗುರಾತು. ಹೊರಗ ಬಂದ ತಿಗಣಿ ಪುಡಿ ಹಾಕಿದರ ಸಾಯತಾವ. ಮಂಚದ ಸಂದ್ಯಾಗ ಮಲಗಿದ್ದು ಸಾಯೂದಿಲ್ಲ. ನೀ ಪುಡಿ ಹಾಕೂದು ಬಿಟ್ಟಿ ಅಂದ್ರ ತಿರಗಿ ಬರತಾವ. ಅದಕ್ಕ ಮಂದಿ ಏನ ಮಾಡತಾರ?" "ಮಂಚ ಬಿಸಲಿಗೆ ಹಾಕತಾರ್ರಿ." "ಹಾಂ. ನಾನೂ ಅದನ್ನ ಮಾಡತೀನಿ." ಸೂಜಿಯಲ್ಲಿ ಇರುವುದು ಕಬ್ಬಿಣದ ಪುಡಿ. ಹಿಟ್ಟಿಗಿಂತ ಸಣ್ಣದು, ಹೊಗೆಗಿಂತ ಸಣ್ಣದು. ವೈರಸ್ಸು ಅಡಗಿ ಮಲಗಿದ ಜೀವಕೋಶ ಎಲ್ಲಿದೆಯೋ ಹುಡುಕಿ ಅದರ ಬೆನ್ನೇರಿ ಕೂರುತ್ತದೆ. ಗುಡ್ಡ ಕಾವಿಗೆ ಕೂತಾಗ ಪುಡಿ ಕಾಯುತ್ತದೆ, ಬಿಸಿಗೆ ಒಳಗಿನದು ಎಚ್ಚರಾಗಿ ಹೊರಗೆ ಬರುತ್ತದೆ, ಹೊರಗೆ ಮಾತ್ರೆ ಕಾದಿರುತ್ತದೆ. ವಾರಕ್ಕೊಂದರಂತೆ ಹನ್ನೆರಡು ಮಂಗಳವಾರ ಹನ್ನೆರಡು ಸೂಜಿ. ಹಿಡಿದು ಕೂತ ಪುಡಿ ವಾರವಿಡೀ ಇದ್ದು ದಿನಾ ಕಾಯುತ್ತದೆ, ಹಿಡಿಯಲು ಯಾರೂ ಸಿಗದ ಪುಡಿ ಮಧ್ಯಾಹ್ನದೊಳಗೇ ಮೂತ್ರದಲ್ಲಿ ಹೋಗಿಬಿಡುತ್ತದೆ. "ಅಂದ್ರ, ಸೂಜಿ ತಗೊಂಡ ಮ್ಯಾಲೂ ಮೈ ಕಾಯಲಿಲ್ಲಂದ್ರ ಒಳಗ ಯಾರೂ ಉಳದಿಲ್ಲಂತ ತಿಳಿ" ಎಂದರು. ಎಷ್ಟು ಜನಕ್ಕೆ ಹಾಗೆ ಕಾವು ನಿಂತಿದೆ ಎಂದು ಕೇಳಿದೆ. ಹನ್ನೊಂದು ಜನರಲ್ಲಿ ನಾಲ್ವರಿಗೆ. ಉಳಿದ ಏಳು ಜನರಿಗೆ ಹನ್ನೆರಡನೇ ಸೂಜಿಯಲ್ಲೂ ಮೈ ಕಾದಿತ್ತು. ಅವರು ಮಾತ್ರೆಯಲ್ಲೇ ಮುಂದುವರಿದರು. ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ, ಅದಕ್ಕೇ ಒಪ್ಪಿದೆ.

ನಿಯಮ ಒಂದೇ. ಆ ಹನ್ನೆರಡು ವಾರವೂ ದಿನಾ ಹನ್ನೆರಡೂವರೆಯಿಂದ ಮೈ ಆರುವವರೆಗೆ, ಅಂದರೆ ಹೆಚ್ಚುಕಡಿಮೆ ನಾಲ್ಕರವರೆಗೆ, ಸುಮ್ಮನೆ ಕೂರಬೇಕು. ಕೆಲಸ ಮಾಡಬಾರದು, ಹಂಚಿನ ಹತ್ತಿರ ಸುಳಿಯಬಾರದು. ತೊಡಕು ಬಂದದ್ದೇ ಅಲ್ಲಿ. ಊರಿಗೆ ಊರೇ ರೊಟ್ಟಿ ಬಡಿಯುವ ಹೊತ್ತಿನಲ್ಲಿ ನಲವತ್ತು ರೊಟ್ಟಿಯ ಕೈ ಸುಮ್ಮನೆ ಕೂತರೆ ಮೂವತ್ತು ಬಾಯಿ ಕೇಳುತ್ತವೆ. ಸೂಜಿ ತೆಗೆದುಕೊಳ್ಳುವವರನ್ನು ಊರಿನವರು 'ಕಾವಿನ ಮಂದಿ' ಅನ್ನುತ್ತಾರೆ, ಬಸ್ಸಿನಲ್ಲಿ ಅವರ ಪಕ್ಕ ಒಂದು ಸೀಟು ಬಿಟ್ಟು ಕೂರುತ್ತಾರೆ. ಮುಟ್ಟಿದರೆ, ಜೊತೆಗೆ ಉಂಡರೆ ಬರುವುದಿಲ್ಲ ಎಂದು ಗೋಡೆಗೋಡೆಯ ಮೇಲೂ ಬರೆದಿದೆ. ಜನ ಓದುತ್ತಾರೆ, ಹೌದೆಂದು ತಲೆಯಾಡಿಸುತ್ತಾರೆ, ಒಂದು ಸೀಟು ಬಿಡುತ್ತಾರೆ. ಖಾನಾವಳಿಯಲ್ಲಿ ಹಾಗೆ ಸೀಟು ಬಿಡುವವರು ಇರುವುದಿಲ್ಲ, ಎದುರಿನ ಖಾನಾವಳಿಗೇ ಹೋಗುತ್ತಾರೆ.

ಚಿಗವ್ವ ಒಂದು ರಾತ್ರಿ ಯೋಚಿಸಿ ಒಂದು ವ್ರತ ಹುಟ್ಟಿಸಿದಳು. ದೀಪಾವಳಿ ಮುಗಿದ ಮೊದಲ ಮಂಗಳವಾರ ಬೆಳಿಗ್ಗೆ ನನಗೆ ಸೂಜಿಯಾಯಿತು. ಮಧ್ಯಾಹ್ನ ಒಳಕೋಣೆಯ ಬಾಗಿಲ ಬಳಿ ಚಾಪೆ ಹಾಸಿ ಕೂರಿಸಿ, ಹೆಪ್ಪು ಹಾಕಿದ ಹಾಲಿನ ಮಣ್ಣಿನ ಗಡಿಗೆಯನ್ನು ನನ್ನ ತೊಡೆಯ ಮೇಲಿಟ್ಟು, ಮೇಲೆ ಕಂಬಳಿ ಹೊದಿಸಿದಳು. ಒಂದು ಗಂಟೆಗೆ ಊಟಕ್ಕೆ ಬಂದವರಲ್ಲಿ ಮೊದಲು ಬಾಯಿ ಬಿಟ್ಟವನು ಮಾಬುಸಾಬ್, ಹನ್ನೆರಡು ವರ್ಷದಿಂದ ನಮ್ಮಲ್ಲೇ ಉಣ್ಣುವ ಕಂಡಕ್ಟರ್. "ಏನ ಫಕೀರಕ್ಕಾ, ಇವತ್ತ ರೊಟ್ಟಿ ಯಾಕ ನಕಾಶೆ ಆಗ್ಯಾವು? ದಾಕ್ಷವ್ವನ ಕೈ ಎಲ್ಲಿ ಹೋತು?" "ಆಕಿ ವ್ರತಾ ಹಿಡದಾಳ. ಹನ್ನೆರಡು ವಾರ. ಗಡಿಗಿ ತೊಡಿ ಮ್ಯಾಲ ಇಟಗೊಂಡ ಕುಂದರಬೇಕು, ಮಾತಾಡಬಾರದು." "ಯಾವ ದೇವರದವಾ ಈ ವ್ರತಾ?" "ಮೊಸರು ತಿನ್ನೂ ದೇವರದು. ನಿನ್ನ ತಟ್ಟಿ ನೋಡಿ ಉಣ್ಣು." "ಮಾತಾಡಬಾರದು ಅಂದ್ರ ಛಲೋ ವ್ರತಾ. ನಮ್ಮ ಮನ್ಯಾಕಿಗೂ ಹೇಳತೀನಿ" ಎಂದು ಅವನು ನಕಾಶೆಯನ್ನೇ ಮುರಿದು ಬಾಯಿಗಿಟ್ಟ.

ಕಾವು ಹೇಗಿರುತ್ತದೆಂದು ಹೇಳಬೇಕು. ಗುಡ್ಡ ಕೂತ ಕೂಡಲೇ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಕಂಕುಳು, ಆಮೇಲೆ ಹೊಟ್ಟೆ. ಜ್ವರದಂತಲ್ಲ, ತಲೆ ಸ್ವಚ್ಛವಾಗಿಯೇ ಇರುತ್ತದೆ. ಬಿಸಿ ಬಿಸಿ ರೊಟ್ಟಿಗಳ ಬುಟ್ಟಿಯನ್ನು ಯಾರೋ ಮೈಯೊಳಗೆ ಇಟ್ಟ ಹಾಗೆ. ಥರ್ಮಾಮೀಟರು ನೂರಾ ಏಳು ತೋರಿಸಿತು. ಬೀದಿಯ ಬೆಕ್ಕು ಎಲ್ಲಿತ್ತೋ ಬಂದು ನನ್ನ ಮೊಣಕಾಲಿಗೆ ಒತ್ತಿಕೊಂಡು ಮಲಗಿತು, ಮರುದಿನದಿಂದ ಹನ್ನೆರಡೂ ಇಪ್ಪತ್ತೈದಕ್ಕೇ ಬಂದು ಕಾಯತೊಡಗಿತು. ಮಾತಾಡುವಂತಿರಲಿಲ್ಲ, ಆದ್ದರಿಂದ ಓದಿದೆ. ನಾಲ್ಕಕ್ಕೆ ಕಂಬಳಿ ತೆಗೆದು ನೋಡಿದರೆ ಗಡಿಗೆಯಲ್ಲಿ ಚಾಕುವಿನಿಂದ ಕೊಯ್ಯಬಹುದಾದ ಮೊಸರು. ನಮ್ಮೂರಿನ ಚಳಿಗಾಲದಲ್ಲಿ ಮೊಸರು ನೆಟ್ಟಗೆ ಹೆಪ್ಪುಗಟ್ಟುವುದಿಲ್ಲ, ಲೋಳೆಯಾಗುತ್ತದೆ. ಅಂದು ಸಂಜೆ ಗಿರಾಕಿಗಳು ಮೊಸರನ್ನು ಎರಡೆರಡು ಸಲ ಹಾಕಿಸಿಕೊಂಡರು. ಒಬ್ಬ ಮೇಷ್ಟ್ರು ಬೆರಳು ನೆಕ್ಕಿದ್ದನ್ನು ನಾನೇ ಕಂಡೆ. ಚಿಗವ್ವ ತಾನು ಹೇಳಿದ ಸುಳ್ಳು ಹಣ್ಣು ಬಿಟ್ಟದ್ದನ್ನು ನೋಡಿ ಗಡಿಗೆಯ ತಳ ಕೆರೆದು ತಾನೂ ಬೆರಳು ನೆಕ್ಕಿದಳು. ಮರುದಿನ ದೊಡ್ಡ ಗಡಿಗೆ ತಂದಳು.

ನಾಲ್ಕನೇ ವಾರದ ಹೊತ್ತಿಗೆ ಮೊಸರಿಗಾಗಿಯೇ ಹೊಸ ಗಿರಾಕಿಗಳು ಬರತೊಡಗಿದರು, ವ್ರತದ ಸುದ್ದಿ ಓಣಿಯ ತುಂಬ ಹಬ್ಬಿತು. ಪಕ್ಕದ ಹಿಟ್ಟಿನ ಗಿರಣಿಯ ಕಲ್ಲವ್ವನಿಗೆ ಆ ಅರ್ಧ ಗಂಟೆ ಹೇಗೂ ಬಿಡುವು. ಅವಳು ತಾನೂ ಗಡಿಗೆ ಹೊತ್ತು ಕೂತಳು. ಮೂರು ದಿನ ಬಾಯಿ ಮುಚ್ಚಿಕೊಂಡು ಕೂತಳಂತೆ. ಕಲ್ಲವ್ವನ ಮಟ್ಟಿಗೆ ಅದು ಮೂರು ವರ್ಷದ ತಪಸ್ಸು. ನಾಲ್ಕನೇ ದಿನ ಒಂದೂವರೆಗೆ, ಖಾನಾವಳಿಯಲ್ಲಿ ಹದಿನೈದು ಜನ ಉಣ್ಣುತ್ತಿರುವಾಗ, ಒಡೆದ ಹಾಲಿನ ಗಡಿಗೆ ಹಿಡಿದುಕೊಂಡೇ ಒಳಗೆ ನುಗ್ಗಿದಳು. "ಏ ಫಕೀರವ್ವಾ, ನಿನ್ನ ವ್ರತಾ ಸುಳ್ಳ! ಸೊಂಟಾ ಹಿಡಕೊಂತು, ಮೊಸರ ಮಾತ್ರ ಆಗಲಿಲ್ಲ. ಗಡಿಗ್ಯಾಗ ಏನ ಹಾಕ್ತೀ ಹೇಳು!" ಚಿಗವ್ವ ಎದ್ದು ಬರುವಷ್ಟರಲ್ಲಿ ಕಲ್ಲವ್ವ ನನ್ನ ಕಂಬಳಿ ಎಳೆದು ಗಡಿಗೆಗೆ ಕೈ ಹಾಕಿದಳು. ಕೈ ನನ್ನ ತೋಳಿಗೆ ತಾಗಿತು. "ಅಯ್ಯಽ ನನ್ನವ್ವಾ, ಹಂಚ ಆಗೈತಲ್ಲ ಈಕಿ ಮೈ!" ಎಂದವಳು ಅಷ್ಟಕ್ಕೇ ನಿಂತಳು. ಅವಳ ಮುಖದಲ್ಲಿ ಲೆಕ್ಕ ಕೂಡುವುದು ಕಾಣಿಸುತ್ತಿತ್ತು. "ಎಸ್ತರಮ್ಮನ ಕಾವಿನ ಮಂದಿ ಪೈಕಿ ಏನ ಈಕಿ?"

ಹದಿನೈದು ಬಾಯಿಗಳೂ ಅಗಿಯುವುದನ್ನು ನಿಲ್ಲಿಸಿದವು. ಚಿಗವ್ವ ಇನ್ನೊಂದು ಸುಳ್ಳು ಹುಟ್ಟಿಸುತ್ತಾಳೆ ಅಂದುಕೊಂಡೆ. ಅವಳಿಗೆ ಅದು ಕಷ್ಟವಲ್ಲ. ಅವಳು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು ಹೇಳಿದಳು: "ಹೌದವಾ. ಹುಟ್ಟಿದಾಗಿಂದ ಐತಿ. ಹದಿನೆಂಟು ವರ್ಷ ಈ ಮನ್ಯಾಗ ಅದಾಳ. ಆಕಿ ಬಡದ ರೊಟ್ಟಿ ತಿಂದು ಯಾರರ ಸತ್ತಾರೇನು? ಸಾಯೂದಿದ್ರ ನೀನ ಮೊದಲ ಸಾಯಬೇಕಿತ್ತು, ಪುಕ್ಕಟೆ ಎಷ್ಟ ತಿಂದೀ!" ಇಬ್ಬರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅಂದು ಸಂಜೆ ಆರು ಜನ ಬಂದರು, ಮರುದಿನ ಮಧ್ಯಾಹ್ನ ನಾಲ್ವರು. ಮಾಬುಸಾಬ್ ಕೂಡ ಬರಲಿಲ್ಲ. ಚಿಗವ್ವ ಅವತ್ತೂ ನೂರಾ ಇಪ್ಪತ್ತು ರೊಟ್ಟಿಯನ್ನೇ ಮಾಡಿಸಿದಳು. ಉಳಿದದ್ದನ್ನು ನಮ್ಮ ಹಿತ್ತಲಿನ ಎಮ್ಮೆ ತಿಂದಿತು. "ಒಂದ ಕಡಿಮಿ ಬಡದರೂ ಸೋತಂಗ" ಎಂದಳು. ನಾನು ಹೇಳಿದೆ: "ಚಿಗವ್ವಾ, ಉಳದ ಎಂಟ ವಾರ ನಾ ಆಸ್ಪತ್ರ್ಯಾಗ ಕುಂದರತೀನಿ. ಮಂದಿ ಮರೀತಾರ." "ಕುಂದರು. ಗಡಿಗಿ ಯಾರ ತೊಡಿ ಮ್ಯಾಲ ಇಡಲಿ? ಎಮ್ಮಿ ತೊಡಿ ಮ್ಯಾಲಾ?" ಎಂದು ಅವಳು ಒಂದು ಕರಿಹಲಗೆ ತಂದು ನನ್ನ ಕೈಗೆ ಸೀಮೆಸುಣ್ಣ ಕೊಟ್ಟಳು. ಅವಳಿಗೆ ಬರೆಯಲು ಬರುವುದಿಲ್ಲ. ಅವಳು ಹೇಳಿದ್ದನ್ನು ನಾನು ಸ್ವಲ್ಪ ನಯ ಮಾಡಲು ಹೋದೆ. "ಅಂದಷ್ಟ ಬರಿ" ಎಂದಳು. ಬರೆದು ಬಾಗಿಲಿಗೆ ತೂಗುಹಾಕಿದೆವು: 'ಇಲ್ಲಿಯ ಮೊಸರು ಕಾವಿನ ಹುಡುಗಿಯದು. ಬ್ಯಾಡಾದವರಿಗೆ ಶೇಂಗಾ ಚಟ್ನಿ ಐತಿ.'

ಮೂರನೇ ದಿನ ಸಂಜೆ ಮಾಬುಸಾಬ್ ಬಾಗಿಲಲ್ಲಿ ನಿಂತು ಹಲಗೆಯನ್ನು ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ ಓದಿದ. ಚಿಗವ್ವ ತಲೆ ಎತ್ತಲಿಲ್ಲ. "ಎಲ್ಲಿ ಹೋಗಿದ್ದೆಪಾ ಇಷ್ಟ ದಿನ?" "ಎದುರಿನ ಖಾನಾವಳಿಗೆ." "ಹೆದರಿಕಿ ಆತೇನು?" "ಆತು. ಸುಳ್ಳ ಯಾಕ ಹೇಳಲಿ. ಬಸ್ ಸ್ಟ್ಯಾಂಡಿನ ಮೂತ್ರಿ ಗ್ವಾಡಿ ಮ್ಯಾಲ ಬರದಾರ, ಉಂಡರ ಬರೂದಿಲ್ಲಂತ. ದಿನಾ ನಾಕ ಸಲ ಎದುರಿಗೆ ನಿಂತು ಓದತೀನಿ. ಓದೂದ ಬ್ಯಾರೆ, ನಂಬೂದ ಬ್ಯಾರೆ. ಮೂರ ದಿನ ಬೇಕಾತು." "ಈಗ ಹೆಂಗ ನಂಬಿಕಿ ಬಂತು?" "ಆ ಎದುರಿನವನ ಮೊಸರು ತಿಂದು" ಎಂದು ತನ್ನ ಮಾಮೂಲಿ ಜಾಗದಲ್ಲಿ ಕೂತ. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಸಣ್ಣ ದನಿಯಲ್ಲಿ, "ದಾಕ್ಷವ್ವಾ, ಸಿಟ್ಟ ಅದೀಯೇನು?" ಎಂದ. "ಅದೀನಿ ಕಾಕಾ. ಮೂರ ದಿನ ಇರತೈತಿ" ಅಂದೆ. "ಬರೋಬ್ಬರಿ ಲೆಕ್ಕ" ಎಂದು ತಟ್ಟೆ ಮುಂದೆ ಸರಿಸಿದ.

ಅವನ ಹಿಂದೆ ಉಳಿದವರು ಬಂದರು, ಒಬ್ಬೊಬ್ಬರಾಗಿ, ಏನೂ ಆಗಿಲ್ಲವೆಂಬಂತೆ, ಕೆಮ್ಮುತ್ತ, ಗೋಡೆಯ ಕ್ಯಾಲೆಂಡರು ನೋಡುತ್ತ. ಮೂವತ್ತರಲ್ಲಿ ಇಪ್ಪತ್ತಮೂರು ಜನ ಬಂದರು. ಏಳು ಜನ ಇವತ್ತಿಗೂ ಬಂದಿಲ್ಲ, ಚಿಗವ್ವ ಅವರ ಹೆಸರು ಎತ್ತುವುದಿಲ್ಲ. ಕಲ್ಲವ್ವ ಒಂದು ವಾರ ನಮ್ಮ ಕಡೆ ನೋಡಲಿಲ್ಲ. ಆಮೇಲೆ ಒಂದು ದಿನ ಹನ್ನೆರಡು ಗಂಟೆಗೆ ನಡುವಿನ ಗೋಡೆಯ ಮೇಲೆ ಅವಳ ಗಡಿಗೆ ಬಂದು ಕೂತಿತ್ತು, ಹಾಲು, ಹೆಪ್ಪು, ಕೊರಳಿಗೆ ಗುರುತಿಗೆಂದು ಕೆಂಪು ದಾರ. ಗೋಡೆಯ ಆಚೆ ಬಳೆ ಸದ್ದಾಯಿತು. ನಾನು ಅದನ್ನೂ ಕಂಬಳಿಯೊಳಗೆ ಸೇರಿಸಿಕೊಂಡೆ. ಹತ್ತನೇ ವಾರದ ಹೊತ್ತಿಗೆ ಓಣಿಯ ಏಳು ಗಡಿಗೆಗಳು ನನ್ನ ಸುತ್ತ ಒತ್ತೊತ್ತಾಗಿ ಕೂರುತ್ತಿದ್ದವು. ನಡುವೆ ನಾನು, ನನ್ನ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ಪುಸ್ತಕ. ಕಾವಿಗೆ ಕೂತ ಕೋಳಿಯಂತೆ ಕಾಣುತ್ತೀ ಎಂದು ಚಿಗವ್ವ ನಗುತ್ತಿದ್ದಳು.

ಆದರೆ ಕಾವು ಇಳಿಯುತ್ತಿರಲಿಲ್ಲ. ಮೊದಲ ವಾರ ನೂರಾ ಏಳು, ಹನ್ನೊಂದನೇ ವಾರವೂ ನೂರಾ ಏಳು. ಓಣಿಯವರು ಮೊಸರು ಹೊಗಳಿದಷ್ಟೂ ನಾನು ಥರ್ಮಾಮೀಟರನ್ನು ಇನ್ನೊಮ್ಮೆ ನೋಡುತ್ತಿದ್ದೆ. ಗಟ್ಟಿ ಮೊಸರೆಂದರೆ ಒಳಗೆ ಇನ್ನೂ ಅದು ಇದೆಯೆಂದೇ ಅರ್ಥ, ಅದು ನನಗೂ ಚಿಗವ್ವನಿಗೂ ಮಾತ್ರ ಗೊತ್ತು. ಅವಳು ದಿನಾ ನನ್ನ ಕುತ್ತಿಗೆ ಮುಟ್ಟಿ "ಇವತ್ತ ಒಂದೀಟ ಆರೈತಿ ನೋಡು" ಅನ್ನುತ್ತಿದ್ದಳು. ನಾನು ಥರ್ಮಾಮೀಟರು ತೋರಿಸುತ್ತಿದ್ದೆ. "ಅದಕ್ಕೇನ ತಿಳೀತೈತಿ, ಗಾಜಿನ ಕಡ್ಡಿಗೆ" ಅನ್ನುತ್ತಿದ್ದಳು. ಹನ್ನೊಂದರಲ್ಲಿ ನಾಲ್ಕು ಎಂಬ ಲೆಕ್ಕವನ್ನು ನಾನು ಎಷ್ಟು ಬಗೆಯಲ್ಲಿ ಮಾಡಿದರೂ ಅದು ನಾಲ್ಕೇ ಆಗುತ್ತಿತ್ತು.

ಹನ್ನೆರಡನೇ ಮಂಗಳವಾರ ಬೆಳಿಗ್ಗೆ ಕೊನೆಯ ಸೂಜಿ ಹಾಕಿಸಿಕೊಂಡು ಬಂದು ಕೂತೆ. ಏಳು ಗಡಿಗೆಗಳು, ತೊಡೆಯ ಮೇಲೆ ನಮ್ಮ ದೊಡ್ಡ ಗಡಿಗೆ, ಕಂಬಳಿ. ಹನ್ನೆರಡೂವರೆಗೆ ಗುಡ್ಡ ಕೂತಿತು, ಹಂಚುಗಳು ಗುಂಯ್ ಅಂದವು, ಪಟಪಟ ಶುರುವಾಯಿತು. ನಾನು ಕಿವಿ ಬಿಸಿಯಾಗಲೆಂದು ಕಾದೆ. ಬೆಕ್ಕು ಮೊಣಕಾಲಿಗೆ ಒತ್ತಿಕೊಂಡು ಮಲಗಿತು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ನನ್ನನ್ನು ನೋಡಿತು. ಮೂಸಿತು. ಎದ್ದು, ಬಾಲ ನೆಟ್ಟಗೆ ಮಾಡಿ, ಒಮ್ಮೆಯೂ ಹಿಂದಿರುಗಿ ನೋಡದೆ ಅಂಗಳದ ಬಿಸಿಲಿಗೆ ಹೋಯಿತು. ಥರ್ಮಾಮೀಟರು ತೊಂಬತ್ತೆಂಟು ಅಂದಿತು. ಝಾಡಿಸಿ ಮತ್ತೆ ಇಟ್ಟುಕೊಂಡೆ. ತೊಂಬತ್ತೆಂಟು. ಚಿಗವ್ವ ಹಿಟ್ಟಿನ ಕೈಯಲ್ಲೇ ಬಂದು ಕುತ್ತಿಗೆ ಮುಟ್ಟಿದಳು, ಹಂಚಿಗೆ ಮರಳಿದಳು. ಅಂದು ಅವಳ ಎರಡು ರೊಟ್ಟಿ ಸೀದವು. ಮೂವತ್ತು ವರ್ಷದಲ್ಲಿ ಮೊದಲ ಸಲ ಎಂದು ಉಳಿದ ಹೆಂಗಸರು ಇಂದಿಗೂ ಹೇಳುತ್ತಾರೆ. ಕಾವು ನಿಂತಿದೆಯೆಂದು ನಾನು ನಂಬಲಿಲ್ಲ. ನಾಲ್ಕರವರೆಗೆ ಅಲುಗದೆ ಕೂತೆ.

ನಾಲ್ಕಕ್ಕೆ ಓಣಿಯ ಹೆಂಗಸರು ತಮ್ಮ ತಮ್ಮ ಗಡಿಗೆ ಒಯ್ಯಲು ಬಂದರು. ಕಲ್ಲವ್ವ ಮುಚ್ಚಳ ತೆಗೆದು ಬೆರಳು ಅದ್ದಿದಳು. ಬೆರಳಿನಿಂದ ಹಾಲು ತೊಟ್ಟಿಕ್ಕಿತು. "ಏ ದಾಕ್ಷೀ! ಹಾಲ ಇದ್ದಂಗ ಐತಲ್ಲ! ಸಂಜಿಗೆ ನಮ್ಮ ಮನಿಗೆ ಬೀಗರು ಬರಾವರದಾರ, ಏನ ಬಡಸಲಿ ನಾ? ಎಲ್ಲಿ ಹೋತು ನಿನ್ನ ಕಾವು..." ಎಂದವಳು ಅರ್ಧಕ್ಕೇ ನಿಂತಳು. ಉಳಿದವರೂ ಮುಚ್ಚಳ ತೆಗೆದರು. ಎಲ್ಲ ಗಡಿಗೆಯಲ್ಲೂ ಹಾಲು. ಕಲ್ಲವ್ವ ಕೆಳಗೆ ಕೂತು ತನ್ನ ಅಂಗೈಯನ್ನು ನನ್ನ ತೋಳಿನ ಮೇಲಿಟ್ಟಳು, ಅವತ್ತು ಕೈ ತಾಗಿದ ಜಾಗದಲ್ಲೇ. "ತಣ್ಣಗೈತಿ" ಎಂದಳು. "ಹೋತೇನು?" "ಹೋದಂಗ ಐತಿ ಕಲ್ಲಕ್ಕಾ." "ಹೋಗೂದು ಹೋತು, ನಮ್ಮ ಬೀಗರು ಉಂಡು ಹೋಗೂತನಕಾದರೂ ತಡೀಬಾರದಾ ಅದು!" ಎಂದು ಅವಳು ಜೋರಾಗಿ ನಕ್ಕಳು. ಹಾಗೆ, ಡಾಕ್ಟರಮ್ಮನಿಗಿಂತ ಮೊದಲು ಓಣಿಗೆ ಸುದ್ದಿ ತಿಳಿಯಿತು. ಚಿಗವ್ವ ಎಂಟೂ ಗಡಿಗೆಯ ಹಾಲನ್ನು ಒಂದೇ ಕಡಾಯಿಗೆ ಸುರಿದು ಒಲೆ ಹಚ್ಚಿದಳು. ಹೆಪ್ಪು ಬಿದ್ದ ಹಾಲು ಒಡೆಯಿತು. ಒಡೆದದ್ದಕ್ಕೆ ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ತಿರುವಿದಳು. ಕಲ್ಲವ್ವನ ಬೀಗರೂ ನಮ್ಮ ಗಿರಾಕಿಗಳೂ ಅಂದು ಅದನ್ನೇ ತಿಂದರು.

ಡಾಕ್ಟರಮ್ಮ ಕುಣಿದಾಡಲಿಲ್ಲ. "ಖುಷಿ ಪಡು, ಮಾತ್ರಿ ಬಿಡಬ್ಯಾಡ" ಎಂದರು. ತಿಂಗಳಿಗೊಮ್ಮೆಯಂತೆ ಮೂರು ಸಲ ರಕ್ತ ತೆಗೆದು ದೊಡ್ಡ ಊರಿಗೆ ಕಳಿಸಿದರು. ಮೂರನೆಯ ವರದಿ ಬಂದ ದಿನ ಅದನ್ನು ಎರಡು ಸಲ ಓದಿ, "ಇವತ್ತಿಂದ ಮಾತ್ರಿ ಬ್ಯಾಡ. ಆದರ ತಿಂಗಳಾ ಬಂದು ರಕ್ತ ಕೊಡಬೇಕು, ತಪ್ಪಿಸಿದರ 'ಅಂದಷ್ಟ ಬರಿ' ಅನ್ನಾಕಿ ನಿಮ್ಮ ಚಿಗವ್ವನ್ನ ಕರಸತೀನಿ" ಎಂದರು. ಹಲಗೆಯ ಕಥೆ ಅವರವರೆಗೂ ಹೋಗಿತ್ತು.

ಅಂದು ಸಂಜೆ ಏನು ಮಾಡಬೇಕೆಂದು ನಾನು ಮೊದಲೇ ಗೊತ್ತುಮಾಡಿಕೊಂಡಿದ್ದೆ. ಗೋಡೆ ಗಡಿಯಾರದ ಎದುರು ಕುರ್ಚಿ ಹಾಕಿ ಕೂತು, ಮುಳ್ಳು ಎಂಟನ್ನು ದಾಟುವುದನ್ನು ಕೈ ಕಟ್ಟಿಕೊಂಡು ನೋಡುವುದು. ಆದರೆ ಬೇಸಿಗೆ ಬಂದಿತ್ತು, ಮೊಸರು ಹುಳಿಯಾಗಿತ್ತು. ಮಾಬುಸಾಬ್ ಮೊದಲ ತುತ್ತಿಗೇ ಕಣ್ಣು ಮುಚ್ಚಿದ. "ಫಕೀರಕ್ಕಾ, ಇದು ಮೊಸರಲ್ಲ, ಹುಣಸಿಹಣ್ಣು. ಈ ಹುಡುಗಿಗೆ ಇನ್ನೊಂದ ಸೂಜಿ ಹಾಕಸ್ರಿ!" "ಬ್ಯಾಸಗ್ಯಾಗ ಯಾರ ಮನಿ ಮೊಸರ ಸಿಹಿ ಇರತೈತಿ ಕಾಕಾ? ಸಕ್ಕರಿ ಹಾಕ್ಕೋ." "ಸಕ್ಕರಿ ಹಾಕ್ಕೊಂಡ ತಿನ್ನಾಕ ಎದುರಿನ ಖಾನಾವಳಿ ಇಲ್ಲೇನು?" "ಹೋಗು, ಮೂರ ದಿನಕ್ಕ ಬರತೀ." ಬ್ಯಾಂಕಿನವರು ಅವನ ಕಡೆಯಾದರು, ಮೇಷ್ಟ್ರುಗಳು ನನ್ನ ಕಡೆಯಾದರು. ಚಿಗವ್ವ ಸೌಟು ಹಿಡಿದು ಎರಡೂ ಕಡೆಯವರನ್ನು ಬೈದಳು. ಕಲ್ಲವ್ವ ಗೋಡೆಯ ಆಚೆಯಿಂದಲೇ ತನ್ನ ಮೊಸರೂ ಹುಳಿ ಎಂದು ಕೂಗಿದಳು. ಜಗಳ ಹರಿಯದೆ, ಕೊನೆಗೆ ನಾನೂ ಒಂದು ತಟ್ಟೆ ತಂದು ಅವರ ಸಾಲಿನಲ್ಲೇ ಕೂತೆ, ಹುಳಿ ಎಷ್ಟಿದೆಯೆಂದು ನೋಡಿಬಿಡೋಣವೆಂದು. ಸಾರಿನಲ್ಲಿ ಬೇಳೆ ಬೇಕಾದಷ್ಟಿತ್ತು. ಮೊಸರು ನಿಜವಾಗಿಯೂ ಹುಳಿಯಾಗಿತ್ತು. ಎರಡನೇ ಸಲ ಹಾಕಿಸಿಕೊಳ್ಳಲು ತಲೆ ಎತ್ತಿದಾಗ ಗಡಿಯಾರ ಕಣ್ಣಿಗೆ ಬಿತ್ತು. ಎಂಟೂ ಇಪ್ಪತ್ತು.